ಕಣಜದ ತಳ

ಒದ್ದೆ ಗೋಣಿಗಳನ್ನು ಎತ್ತಿ ಪಕ್ಕಕ್ಕೆ ಹಾಕಿ, ಟೇಪಿನ ಕೊಕ್ಕೆಯನ್ನು ಕಾಂಕ್ರೀಟಿನ ಅಂಚಿಗೆ ಸಿಕ್ಕಿಸಿ, ಎದುರಿನ ಅಂಚಿನವರೆಗೆ ಹಿಮ್ಮುಖವಾಗಿ ನಡೆದು ಬಗ್ಗಿ ನೋಡಿದಾಗ ಅವನಿಗೆ ಮೊದಲು ಅನ್ನಿಸಿದ್ದು ಟೇಪು ಕೆಟ್ಟಿದೆ ಎಂದು. ಟೇಪು ಕೆಡುವುದಿಲ್ಲ. ಗಡಿಯಾರ ಕೆಡಬಹುದು, ಮನುಷ್ಯನ ತಲೆ ಕೆಡಬಹುದು, ಉಕ್ಕಿನ ಪಟ್ಟಿಯ ಮೇಲೆ ಅಚ್ಚೊತ್ತಿದ ಅಂಕಿ ಎಲ್ಲಿಗೆ ಹೋದೀತು? ಆದರೂ ಅವನು ಟೇಪನ್ನು ಅಂಗಿಯ ತುದಿಯಿಂದ ಒರೆಸಿ ಇನ್ನೊಂದು ದಿಕ್ಕಿನಿಂದ ಅಳೆದ. ಅಡ್ಡ ಅಳೆದ, ಓರೆಯಾಗಿ ಅಳೆದ. ದುಂಡಗಿನದನ್ನು ಯಾವ ಕಡೆಯಿಂದ ಅಳೆದರೂ ಒಂದೇ ಎಂದು ಗೊತ್ತಿದ್ದೂ, ಯಾವುದೋ ಒಂದು ಕಡೆ ತನ್ನ ಮೇಲೆ ಕರುಣೆ ತೋರಿಸಿ ಜಾಸ್ತಿ ಇದ್ದೀತೇನೋ ಎಂದು ಸುತ್ತು ಹಾಕಿದ. "ಬೋಲ್ಟಿಗೆ ಗುರುತು ಹಾಕಿಡಿ ಭಾವ, ಮಧ್ಯಾಹ್ನ ಕ್ರೇನು ಬರುತ್ತೆ. ಕಣಜದ ಬಾಗಿಲ ಹತ್ರ ಅಗಲ ಕೆತ್ತಿದಾರೆ, ಸರಿಯಾಗಿ ಹದಿನಾಲ್ಕು ಅಡಿ," ಎಂದು ಹೆಂಡತಿಯ ತಮ್ಮ ಬೆಳಿಗ್ಗೆ ಟೇಪನ್ನು ಅವನ ಕೈಗಿಟ್ಟು ಟ್ರ್ಯಾಕ್ಟರು ಹತ್ತಿ ಹೋಗಿದ್ದ. ಆ ಹದಿನಾಲ್ಕು ಅಡಿಯ ಮೇಲೆ ಸುತ್ತಲೂ ಎರಡೆರಡು ಬೆರಳು ಹೆಚ್ಚಿಗೆ ಇರಬೇಕಾದ ತಳ ಹದಿನಾಲ್ಕು ಅಡಿಯೇ ಇರಲಿಲ್ಲ. ಕಣಜಕ್ಕಿಂತ ಅರ್ಧ ಗೇಣು ಚಿಕ್ಕದು. ನಟ್ಟನಡುವೆ ಇಟ್ಟರೆ ಕಣಜದ ಗೋಡೆ ಸುತ್ತಲೂ ಕಾಂಕ್ರೀಟಿನಿಂದಾಚೆ, ಗಾಳಿಯಲ್ಲಿ ಇಳಿಯುತ್ತದೆ. ಗಾಳಿಯಲ್ಲಿ ಗೋಡೆ ನಿಲ್ಲುವುದಿಲ್ಲ.

ಗೋಣಿಗಳನ್ನು ಒಂದೊಂದಾಗಿ ಮತ್ತೆ ಹೊದಿಸಿದ. ಯಾರಾದರೂ ನೋಡಿದರೆ ಕಾಂಕ್ರೀಟು ಒಣಗದಿರಲಿ ಎಂದು ಹೊದಿಸುತ್ತಿದ್ದಾನೆ ಅಂದುಕೊಳ್ಳಲಿ. ವಾರದಿಂದ ದಿನಕ್ಕೆ ಮೂರು ಹೊತ್ತು ಅವನೇ ಇದಕ್ಕೆ ನೀರು ಹೊಡೆದಿದ್ದ. ಮಗುವಿಗೆ ಸ್ನಾನ ಮಾಡಿಸಲು ಹೆಂಡತಿ ಕರೆದರೆ "ತಳಕ್ಕೆ ನೀರು ಹೊಡೆದು ಬಂದೆ" ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ಅಲ್ಲಿ ನಿಂತರೆ ಮಾವನ ಮನೆಯ ಹಿಂಬದಿ ಪೂರ್ತಿ ಕಾಣುತ್ತದೆ. ಅಡುಗೆಮನೆಯ ಹೊಗೆ ಹಿಡಿದ ಗೋಡೆ, ಪಾತ್ರೆ ತೊಳೆಯುವ ಕಲ್ಲು, ಅದರಾಚೆ ಕೊನೆಯಲ್ಲಿ ಕಾಳಿನ ಕೋಣೆ. ಎತ್ತರದಲ್ಲಿ ಒಂದೇ ಒಂದು ಕಿಟಕಿ, ಅದಕ್ಕೆ ಅವಳು ತನ್ನ ಹಳೆಯ ಸೀರೆಯಿಂದ ಹೊಲಿದ ಪರದೆ. ಅವನು ಕೆಲಸಕ್ಕಿದ್ದ ಬಟ್ಟೆ ಅಂಗಡಿ ಮುಚ್ಚಿ, ಬಾಡಿಗೆ ಮನೆ ಬಿಟ್ಟು, ಅವನ ಅಣ್ಣನ ಮನೆಯ ಬಾಗಿಲನ್ನು ಅತ್ತಿಗೆ ತೆರೆದು ಅತ್ತಿಗೆಯೇ ಮುಚ್ಚಿದ ಮೇಲೆ, ಮೂವರೂ ಬಂದು ಸೇರಿದ್ದು ಆ ಕೋಣೆಗೆ. ನೆಲ ಎಷ್ಟು ಗುಡಿಸಿದರೂ ಮೂಲೆಯಿಂದ ಹಳೆಯ ಜೋಳ ಉದುರುತ್ತಿತ್ತು. ಮಗುವಿನ ಹಾಸಿಗೆಯ ಮೇಲೆ ನುಸಿ ಓಡಾಡುತ್ತಿದ್ದವು. ಬಂದ ದಿನ ಮಾವ ಬಾಗಿಲಲ್ಲಿ ನಿಂತು, "ಸುಗ್ಗಿವರೆಗೆ ಇರಿ, ಅದಕ್ಕೇನಂತೆ. ಸುಗ್ಗಿ ಆದ್ಮೇಲೆ ಜೋಳಕ್ಕೂ ಒಂದು ಜಾಗ ಬೇಕಲ್ಲ," ಎಂದು ನಕ್ಕಿದ್ದರು. ಮಾವ ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಹೋಗಬಹುದಿತ್ತು. ಆ ಮನೆಯಲ್ಲಿ ಯಾರೂ ಅವನನ್ನು ಏನೂ ಅನ್ನುತ್ತಿರಲಿಲ್ಲ. ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡಾಗ ಅತ್ತೆ ಸೌಟಿನ ತುಂಬ ಹಾಕುತ್ತಿದ್ದರು. ಆ ತುಂಬಿದ ಸೌಟುಗಳ ಲೆಕ್ಕವನ್ನು ಅವನೇ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ.

ಕಣಜದ ವಿಚಾರ ಎತ್ತಿದವನು ಅವನೇ. ಒಂದು ದಿನ ಊಟಕ್ಕೆ ಕೂತಾಗ, ತಾನು ಇಲ್ಲಿ ಬರೀ ಉಣ್ಣುವವನಲ್ಲ ಎಂದು ತೋರಿಸಿಕೊಳ್ಳುವ ಚಪಲಕ್ಕೆ, "ಮುಚ್ಚಿದ ಗಿರಣಿ ಹಿಂದೆ ತಗಡಿನ ಕಣಜ ಒಂದು ಖಾಲಿ ನಿಂತಿದೆ. ಕೇಳಿದ್ರೆ ಕೊಡ್ತಾರಂತೆ. ಅದನ್ನ ಎತ್ಕೊಂಡು ಬಂದ್ರೆ ಜೋಳ ಪೂರ್ತಿ ಅದರಲ್ಲೇ ಹಿಡಿಯುತ್ತೆ," ಎಂದಿದ್ದ. ಕೋಣೆಯ ಮಾತು ಅವನು ಆಡಲಿಲ್ಲ. ಆಡಬೇಕಾಗಿರಲಿಲ್ಲ, ಬಡಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತ್ತು. "ಕಣಜ ಏನು ಪೆಟ್ಟಿಗೇನೇ ಅಳಿಯಂದಿರೇ, ಎತ್ಕೊಂಡು ಬಂದು ಮೂಲೇಲಿ ಇಡೋಕೆ? ಅದಕ್ಕೆ ತಳ ಬೇಕು," ಅಂದರು ಮಾವ. "ತಳ ನಾನು ಹಾಕಿಸ್ತೀನಿ." ಮಾವ ಉಪ್ಪು ಹಾಕಿಕೊಂಡು, ಬೆರೆಸಿ, ಒಂದು ತುತ್ತು ತಿಂದು, "ಆಯ್ತು. ಕಣಜ ನಿಂತ್ರೆ ಕೋಣೆ ನಿಮ್ಮದು. ನಿಲ್ಲದಿದ್ರೆ ಜೋಳ ಒಳಗೆ, ನೀವು..." ಎಂದು ಮಾತನ್ನು ಅಲ್ಲೇ ಬಿಟ್ಟು ನೀರು ಕುಡಿದಿದ್ದರು. ಅದಾದ ಮೇಲೆ ಅವನು ಮೈಮುರಿದು ದುಡಿದ. ಗಾರೆಯವನ ಜೊತೆ ತಾನೂ ಗುದ್ದಲಿ ಹಿಡಿದು ಅಗೆದ, ಕಲ್ಲು ತುಂಬಿದ, ಅದರ ಮೇಲೆ ಮಣ್ಣು ಹಾಕಿ ನೀರು ಬಿಟ್ಟು ದಿಮ್ಮಸು ಹೊಡೆದ, ನೆಲದ ತೇವ ಮೇಲೆ ಬಂದು ಕಾಳು ಮುಗ್ಗದಿರಲಿ ಎಂದು ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಂದು ಸುಕ್ಕಿಲ್ಲದೆ ಹಾಸಿದ. ಕಾಂಕ್ರೀಟು ಹಾಕಿದ ದಿನ ಅಂಗೈ ಒಡೆದು ಸಿಮೆಂಟು ಉರಿಯುತ್ತಿದ್ದರೂ ಮನಸ್ಸಿಗೆ ಹಬ್ಬದಂತಿತ್ತು. ತಳ ಹಾಕುತ್ತಿರುವವನಿಗೆ ತನ್ನ ಕಾಲಡಿಯೂ ಒಂದು ತಳ ಇದೆ ಅನ್ನಿಸಿಬಿಡುತ್ತದೆ.

ಎಲ್ಲಿ ತಪ್ಪಿತು? ಗೋಣಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಗಿರಣಿಯ ಹಿಂದೆ, ಖಾಲಿ ಕಣಜದ ಒಳಗೆ, ಸಣ್ಣ ಬಾಗಿಲಿನಿಂದ ನುಸುಳಿ ನಿಂತಿದ್ದ ದಿನ ಕಣ್ಣೆದುರು ಬಂತು. ಕೆಮ್ಮಿದರೆ ತಗಡೆಲ್ಲ ಕೆಮ್ಮುತ್ತಿತ್ತು. ನೈಲಾನ್ ಹಗ್ಗದ ಒಂದು ತುದಿಯನ್ನು ಗೋಡೆಯ ಬೋಲ್ಟಿಗೆ ಕಟ್ಟಿ, ಎದುರಿನ ಗೋಡೆಗೆ ನಡೆದು, ನಡುವೆ ಜೋಲು ಬೀಳಬಾರದೆಂದು ಎಳೆದಿದ್ದ. ಎಳೆದು ಬಿಗಿದು, ಭುಜ ಕೊಟ್ಟು ಎಳೆದು, ಗೋಡೆ ಮುಟ್ಟಿದಲ್ಲಿ ಗಂಟು ಹಾಕಿದ್ದ. ಎಳೆಯುವುದು ಅವನ ಕೈಗೆ ಕಲಿಸಿಕೊಡಬೇಕಾದ ವಿದ್ಯೆಯಲ್ಲ. ಹನ್ನೆರಡು ವರ್ಷ ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವನು ಮಾಡಿದ್ದು ಅದೇ ಕೆಲಸ. "ಬಟ್ಟೆ ಎಳೆದು ಅಳೀಬೇಕು ಕಣಯ್ಯಾ, ಮಾತು ಸಡಿಲ ಬಿಡಬೇಕು," ಎಂದು ಕೆಲಸಕ್ಕೆ ಸೇರಿದ ದಿನವೇ ಸಾಹುಕಾರ ಹೇಳಿಕೊಟ್ಟಿದ್ದ. ಮೀಟರ್ ಕಡ್ಡಿಯ ಮೇಲೆ ಬಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಸರ್ರನೆ ಎಳೆದರೆ ಮೀಟರಿಗೆ ಒಂದು ಬೆರಳಿನಷ್ಟು ಬಟ್ಟೆ ಅಂಗಡಿಯಲ್ಲೇ ಉಳಿಯುತ್ತಿತ್ತು. ಮೊದಮೊದಲು ಗಿರಾಕಿ ನೋಡಿದರೇನೋ ಎಂದು ಕಣ್ಣೆತ್ತುತ್ತಿದ್ದ, ಆಮೇಲೆ ಅದೂ ನಿಂತಿತು, ಅದಾದ ಮೇಲೆ ತಾನು ಎಳೆಯುತ್ತಿದ್ದೇನೆ ಎಂಬುದೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ಒಬ್ಬ ಹೆಂಗಸು ಮಗನ ಹೊಸ ಅಂಗಿ ತಂದು ಕಟ್ಟೆಯ ಮೇಲೆ ಹರಡಿ, ದರ್ಜಿ ಬಟ್ಟೆ ಸಾಲದೆ ತೋಳು ಮೊಟಕು ಮಾಡಿದ್ದಾನೆ ಎಂದಾಗ, "ಒಗೆದಿರಬೇಕು ಅಮ್ಮ, ಬಟ್ಟೆ ಅಂದ್ಮೇಲೆ ಕುಗ್ಗುತ್ತೆ," ಅಂದಿದ್ದ. ಅವಳು ಅದನ್ನು ನಂಬಿ, ತಾನೇ ತಪ್ಪು ಮಾಡಿದವಳ ಹಾಗೆ ಮುಖ ಸಣ್ಣಗೆ ಮಾಡಿಕೊಂಡು ಅಂಗಿ ಮಡಚಿಕೊಂಡು ಹೋಗಿದ್ದಳು.

ಇಲ್ಲಿ ತಳಕ್ಕೆ ಸುತ್ತು ಗೆರೆ ಎಳೆಯುವಾಗ ಅದೇ ಹಗ್ಗವನ್ನು ಎರಡಾಗಿ ಮಡಚಿ, ಎರಡು ಬೆರಳು ಹೆಚ್ಚಿಗೆ ಬಿಟ್ಟು ನಡುಗೂಟಕ್ಕೆ ಸಿಕ್ಕಿಸಿದ, ಆದರೆ ಎಳೆಯಲಿಲ್ಲ. ನೀರು ಕುಡಿದ ಮಣ್ಣಿನಲ್ಲಿ ನಡುಗೂಟ ಅಲ್ಲಾಡುತ್ತಿತ್ತು. "ಮೆಲ್ಲಗೆ ಹಿಡೀರಿ, ಗೂಟ ಬಿದ್ದುಬಿಡುತ್ತೆ," ಎಂದು ಗಾರೆಯವನು ಹೇಳಿದ್ದಕ್ಕೆ ಎಳೆಗೂಸಿನ ಕೈ ಹಿಡಿದಂತೆ ಹಗ್ಗ ಹಿಡಿದು ಸುತ್ತು ಬಂದಿದ್ದ. ಅಲ್ಲಿ ಬಿಗಿದು ಅಳೆದ ಹಗ್ಗ ಇಲ್ಲಿ ಬಿಟ್ಟ ತಕ್ಷಣ ಕುಗ್ಗಿ ತನ್ನ ನಿಜವಾದ ಉದ್ದಕ್ಕೆ ಬಂದಿತ್ತು, ಅಷ್ಟೇ. ಮನೆಯಲ್ಲಿ ಟೇಪು ಇರಲಿಲ್ಲವೇ? ಮಾವನ ಕೋಣೆಯ ಗೋಡೆಯ ಮೊಳೆಗೆ ನೇತು ಹಾಕಿತ್ತು. ಕೇಳಬೇಕೆಂದು ಹೋದಾಗ ಮಾವ, "ಅಳತೆ ನಿಮ್ಮ ಕಸುಬೇ ಅಲ್ವೇ ಅಳಿಯಂದಿರೇ, ನಿಮಗೆ ನಾವೇನು ಹೇಳೋದು," ಎಂದು ತಮಾಷೆ ಮಾಡಿದ್ದರು. ಆ ಮಾತಿನ ಮೇಲೆ ಟೇಪು ಕೇಳಲು ಬಾಯಿ ಬರಲಿಲ್ಲ. ಸಾಹುಕಾರನಿಗಾಗಿ ಊರಿನವರಿಂದೆಲ್ಲ ಕದ್ದ ಬೆರಳು ಬೆರಳು ಬಟ್ಟೆ ಸೇರಿ ಈಗ ಅರ್ಧ ಗೇಣಾಗಿ ಇಲ್ಲಿ ಬಂದು ಕೂತಿದೆ ಎಂದುಕೊಂಡ. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ. ನಗು ಬಂದ ಹಾಗಾಗಿ ಕಣ್ಣಲ್ಲಿ ನೀರು ತುಂಬಿತು.

ಹೇಳಿಬಿಡಬೇಕು. ಈಗಲೇ ಹೇಳಿದರೆ ಕ್ರೇನು ನಿಲ್ಲಿಸಬಹುದು, ಕಣಜ ಗಿರಣಿಯಲ್ಲೇ ಇನ್ನೆರಡು ವಾರ ನಿಂತರೆ ಸುತ್ತ ಅಗೆದು ತಳ ಅಗಲ ಮಾಡಬಹುದು. ಅಷ್ಟರಲ್ಲಿ ಹಿತ್ತಿಲ ಅಂಗಳದಲ್ಲಿ ರಾಶಿ ಬಿದ್ದಿರುವ ಜೋಳ? ಜೋಳ ಕೋಣೆಗೆ ಹೋಗುತ್ತದೆ. ಒಂದು ಸಲ ಕೋಣೆ ಸೇರಿದ ಜೋಳವನ್ನು ಮತ್ತೆ ಹೊರಗೆ ಹಾಕುವವರು ಯಾರು? ಮನೆಯ ಮುಂದಿನ ಕಟ್ಟೆಯ ಮೇಲೆ ಮಾವ ಕಾಲು ಚಾಚಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಅವನು ಬಂದು ನಿಂತದ್ದು ನೋಡಿ ಕಾಲು ಮಡಚಿಕೊಂಡರು. ಅಳಿಯ ಬಂದರೆ ಈಗಲೂ ಅವರು ಕಾಲು ಮಡಚುತ್ತಾರೆ. "ತಳ ಚೆನ್ನಾಗಿ ಬಿಗಿದಿದೆಯಾ?" "ಬಿಗಿದಿದೆ." "ಅಳತೆ ಗಿಳತೆ ಸರಿ ಇದೆ ತಾನೇ? ಆಮೇಲೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗಬಾರ್ದು," ಎಂದು ಮಾವ ತಾವೇ ನಕ್ಕರು. ಒಳಗಿನಿಂದ ಅತ್ತೆಯೂ ನಕ್ಕದ್ದು ಕೇಳಿಸಿತು. "ಮಾವ, ತಳ..." ಎಂದು ಶುರು ಮಾಡಿದ. "ಹೇಳಿ." ಮಾವನ ಕಣ್ಣಿನಲ್ಲಿ ಅನುಮಾನವೇ ಇರಲಿಲ್ಲ. ಕಿರುಬೆರಳಿನ ಉಗುರಿನ ಕಡೆಗೇ ಅವರ ಪೂರ್ತಿ ಗಮನ. "ತಳದ ಸುತ್ತ ಒಂದು ಸಣ್ಣ ಕಟ್ಟೆ ಹಾಕ್ತೀನಿ, ನೀರು ಒಳಗೆ ನುಗ್ಗದ ಹಾಗೆ." ಅವನ ನಾಲಿಗೆ ಅವನನ್ನು ಕೇಳದೆ ಹುಟ್ಟಿಸಿದ ಮಾತು ಅದು. ಅಂಗಡಿಯ ನಾಲಿಗೆ. "ಹಾಕಿ, ಹಾಕಿ. ಮಾಡೋರಿಗೆ ಕೆಲಸ ಮೇಲಿಂದ ಮೇಲೆ ಹುಟ್ಟುತ್ತೆ," ಅಂದರು ಮಾವ. ಅವನು ಬೆನ್ನು ತಿರುಗಿಸಿದ. ಈಗ ಅತ್ತ ದರಿ, ಇತ್ತ ಪುಲಿ. ನಡುವೆ ಅವನೇ ಬಾಯಾರೆ ಹೇಳಿ ಬಂದ ಒಂದು ಕಟ್ಟೆ.

ಗಾರೆ ಕಲಸುವ ಬಾಣಲಿ ತರಲು ಕೋಣೆಗೆ ಹೋದಾಗ ಹೆಂಡತಿ ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು, ಗೋಡೆಗೆ ಒರಗಿ, ಸೂಜಿಗೆ ದಾರ ಪೋಣಿಸುತ್ತಿದ್ದಳು. "ರೀ, ಇವತ್ತು ಕಣಜ ನಿಂತ್ಮೇಲೆ ಆ ಗೋಡೆಗೆ ಒಂದು ಹಲಗೆ ಹೊಡೀರಿ. ಮಗು ಔಷಧಿ ಎಲ್ಲಾ ನೆಲದ ಮೇಲೇ ಇದೆ." ಹಲಗೆಯ ಜಾಗವನ್ನು ಅವಳು ಆಗಲೇ ಇದ್ದಿಲಿನಿಂದ ಗುರುತು ಮಾಡಿದ್ದಳು. ಬಂದು ಇಷ್ಟು ತಿಂಗಳಾದರೂ ಅವಳು ಈ ಗೋಡೆಗೆ ಒಂದು ಮೊಳೆ ಹೊಡೆಯಲು ಬಿಟ್ಟಿರಲಿಲ್ಲ. ತವರುಮನೆಯ ಗೋಡೆ, ಆದರೂ ಕೇಳದೆ ಮೊಳೆ ಹೊಡೆಯುವಂತಿಲ್ಲ, ಕೇಳುವಂತೆಯೂ ಇಲ್ಲ. ಅವನು ಗೆರೆಯನ್ನೇ ನೋಡುತ್ತ ನಿಂತ. "ಯಾಕೆ, ಡೊಂಕಾಗಿದೆಯಾ?" "ಇಲ್ಲ, ಸರಿಯಾಗಿದೆ." "ಮುಖ ಯಾಕೆ ಹಾಗಿದೆ?" "ಬಿಸಿಲು," ಎಂದು ಬಾಣಲಿ ಎತ್ತಿಕೊಂಡು ಹೊರಬಿದ್ದ. ಮದುವೆಯಾದ ಹೊಸದರಲ್ಲಿ ಅವಳು ಅಂಗಡಿಗೆ ಬಂದು, ಕಟ್ಟೆಯ ಆಚೆ ನಿಂತು, ರವಿಕೆ ಬಟ್ಟೆ ಕೇಳಿದ್ದಳು. ಸಾಹುಕಾರನ ಎದುರು ಅವನು ಅವಳಿಗೂ ಎಳೆದೇ ಅಳೆದಿದ್ದ. ಅವಳು ನೋಡಿದ್ದಳು. ಮನೆಗೆ ಬಂದ ಮೇಲೆ ಆ ಮಾತನ್ನೇ ಎತ್ತಲಿಲ್ಲ.

ಉಳಿದ ಇಟ್ಟಿಗೆ, ಉಳಿದ ಅರ್ಧ ಮೂಟೆ ಸಿಮೆಂಟು, ಮರಳು. ಕಾಂಕ್ರೀಟಿನ ಸುತ್ತ ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿ, ಇಟ್ಟಿಗೆಯನ್ನು ಅಂಚಿಗೆ ಅಂಟಿಸಿ ಮಲಗಿಸಿ, ಸಂದಿಗೆ ಗಾರೆ ತುಂಬಿ, ಮೇಲೆ ತಳದ ಮಟ್ಟಕ್ಕೆ ಸಮನಾಗಿ ತೇಪೆ ಹಾಕುತ್ತ ಅವನು ಸುತ್ತಿದ. ಹೊರಗಿನಿಂದ ನೋಡಿದರೆ ತಳ ಈಗ ಸರಿಯಾದ ಅಳತೆಯದು. ಒಳಗೆ ಏನೂ ಇಲ್ಲ, ತುಳಿದ ಮಣ್ಣಿನ ಮೇಲೆ ಕೂತ ಇಟ್ಟಿಗೆಯ ಒಂದು ಸಾಲು. ಟನ್ನುಗಟ್ಟಲೆ ಜೋಳ ಇದರ ಮೇಲೆ ಕೂತರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಈವತ್ತು ಜೋಳ ಕೂರುವುದಿಲ್ಲ, ಖಾಲಿ ಕಣಜ ಕೂರುತ್ತದೆ. ಖಾಲಿ ತಗಡಿಗೆ ಎಷ್ಟು ಭಾರ? ಕಣಜ ನಿಂತ ಮೇಲೆ ಎರಡು ಮೂರು ದಿನ ಸಿಕ್ಕೇ ಸಿಗುತ್ತದೆ, ಅಷ್ಟರಲ್ಲಿ ಗಾರೆಯವನ ಕಾಲು ಹಿಡಿದಾದರೂ ಕರೆತಂದು ಕೆಳಗಿನಿಂದ ಅಗೆದು ಗಟ್ಟಿ ಮಾಡಿಸಿದರಾಯಿತು. ಮುಳುಗುವವನಿಗೆ ಹುಲ್ಲುಕಡ್ಡಿ. ಕೈ ಮಾತ್ರ ಅವನ ಮನಸ್ಸಿನ ಹಂಗಿಲ್ಲದೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಕರಣೆ ನುಣ್ಣಗೆ ಓಡುತ್ತಿತ್ತು. ಒಂದು ಕಡೆ ಅಂಚು ಚೂಪಾಗಿ ಬಂದದ್ದು ನೋಡಿ ಅವನಿಗೆ ಖುಷಿಯೂ ಆಯಿತು. ಆ ಖುಷಿಗೆ ಅವನೇ ನಾಚಿದ. ಹೊಸ ಗಾರೆ ಕಪ್ಪಗೆ, ಹಳೆಯ ಕಾಂಕ್ರೀಟು ಬಿಳಿಚಿಕೊಂಡು, ಎರಡರ ನಡುವೆ ಗೆರೆ ಎದ್ದು ಕಾಣುತ್ತಿತ್ತು. ಎಲ್ಲದರ ಮೇಲೂ ನೀರು ಹುಯ್ದು ಒಂದೇ ಬಣ್ಣ ಮಾಡಿದ. ತಲೆ ಎತ್ತಿದಾಗ ಕೋಣೆಯ ಕಿಟಕಿಯ ಪರದೆ ಅಲ್ಲಾಡಿತು. ಗಾಳಿ ಇರಬೇಕು ಎಂದುಕೊಂಡ.

ಕ್ರೇನು ಬರುವ ಮೊದಲೇ ಅದರ ಸದ್ದು ಬಂತು. ಮುಂದೆ ಭಾಮೈದನ ಟ್ರ್ಯಾಕ್ಟರು, ಅದರ ಹಿಂದಿನ ಗಾಡಿಯ ಮೇಲೆ ಕಣಜ, ಹಿಂದೆ ಹಳದಿ ಕ್ರೇನು. ಗಿರಣಿಯ ಬಯಲಲ್ಲಿ ಸಣ್ಣದಾಗಿ ಕಂಡಿದ್ದ ಕಣಜ ಮನೆಯ ಹತ್ತಿರ ಬಂದಾಗ ಮನೆಗಿಂತ ಎತ್ತರ ಕಂಡಿತು. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೋಡುತ್ತಿದ್ದರು. ಕ್ರೇನಿನವನು ಗಾಜಿನಿಂದ ತಲೆ ಹೊರಹಾಕಿ, "ಎಲ್ಲಿ ಇಡ್ಲಿ ಹೇಳ್ರೀ, ಯಜಮಾನ್ರು ಯಾರು?" ಎಂದು ಕೇಳಿದ. ಮಾವ ಅವನ ಕಡೆ ಕೈ ತೋರಿಸಿ, "ಅವರನ್ನ ಕೇಳಪ್ಪ, ಇದರ ಯಜಮಾನ್ರು ಅವರೇ," ಅಂದರು. ಯಾರೂ ಅವನನ್ನು ಯಜಮಾನರು ಅಂದಿರಲಿಲ್ಲ. ಕಣಜ ಸರಪಳಿಗಳಲ್ಲಿ ತೂಗಿ ನೆಲ ಬಿಟ್ಟಿತು, ತನ್ನಷ್ಟಕ್ಕೆ ತಾನು ತಿರುಗಿತು, ಅದರ ತಳವಿಲ್ಲದ ತೆರೆದ ಬುಡ ನೆತ್ತಿಯ ಮೇಲೆ ಬಂದಾಗ ಅವನು ಓಡಲಿಲ್ಲ. "ಮನೆ ಕಡೆಗೆ ಸ್ವಲ್ಪ ಎಳೆದು ಇಳಿಸು," ಅಂದ. "ನಡುವೆ ಇಡೋದಲ್ವಾ ಭಾವ?" ಅಂದ ಭಾಮೈದ. "ಹಿಂದೆ ನೀರು ಹರಿಯೋಕೆ ಜಾಗ ಬೇಕು." ಸುಳ್ಳು ಸಲೀಸಾಗಿ ಬಂತು. ಮನೆಯ ಕಡೆಯಾದರೂ ಗೋಡೆ ನಿಜವಾದ ಕಾಂಕ್ರೀಟಿನ ಮೇಲೆ ಕೂರಲಿ, ಅಲ್ಲಿ ಅಡುಗೆಮನೆ ಇದೆ, ಕೋಣೆ ಇದೆ, ಮಗು ಇದೆ. ಹಾಗಾದರೆ ಹಿಂದೆ ಪೂರ್ತಿ ಗೋಡೆ ಸುಳ್ಳು ಕಟ್ಟೆಯ ಮೇಲೆ ಬರುತ್ತದೆ. ಬರಲಿ. ಅಲ್ಲಿ ಯಾರಿದ್ದಾರೆ? ಕಣಜ ಇಳಿಯಿತು. ಸರಪಳಿ ಸಡಿಲಾಯಿತು. ಅವನು ಹಿಂದೆ ಹೋಗಿ ಮಂಡಿಯೂರಿ ನೋಡಿದ, ಹಸಿ ಗಾರೆಯಲ್ಲಿ ತಗಡಿನ ಬುಡ ಒಂದು ನೂಲು ಇಳಿದಿತ್ತು, ಅಷ್ಟೇ. "ಬೋಲ್ಟು ನಾನೇ ಹಾಕ್ತೀನಿ," ಎಂದು ಯಾರನ್ನೂ ಹತ್ತಿರ ಬಿಡದೆ, ಮನೆಯ ಕಡೆ ಕಾಂಕ್ರೀಟು ಕೊರೆದು ಹಾಕಿ, ಹಿಂದಿನ ಬೋಲ್ಟುಗಳನ್ನು ಹಸಿ ಗಾರೆಯಲ್ಲಿ ಸುಮ್ಮನೆ ನೆಟ್ಟ.

ಕ್ರೇನು ಹೋದ ಮೇಲೆ ಮಾವ ಕಣಜವನ್ನು ಒಂದು ಸುತ್ತು ಹಾಕಿದರು. ಅಂಗೈಯಿಂದ ತಗಡನ್ನು ತಟ್ಟಿದರು. ಆಮೇಲೆ ಅವನ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟು, "ನಾನು ಒಳಗೊಳಗೇ ಅಂದ್ಕೊಂಡಿದ್ದೆ, ಇವರ ಕೈಲಿ ಆಗೋ ಕೆಲಸ ಅಲ್ಲ ಅಂತ. ತಪ್ಪು ನನ್ನದು. ಆ ಕೋಣೆಗೆ ಸುಣ್ಣ ಹೊಡೆಸೋಣ, ಕಿಟಕಿ ದೊಡ್ಡದು ಮಾಡಿಸೋಣ," ಅಂದರು. ಇಂಥ ಮಾತಿಗಾಗಿ ಅವನು ಎಷ್ಟು ದಿನ ಕಾದಿದ್ದ. ಈಗ ಬಂದದ್ದು ಬೇರೆ ಯಾರಿಗೋ ಬರೆದ ಕಾಗದವನ್ನು ತಾನು ಬಿಡಿಸಿದ ಹಾಗಿತ್ತು. ಅಳು ಬಂತು, ಮಾವ ಅದನ್ನು ಸಂತೋಷ ಅಂದುಕೊಂಡು ಇನ್ನೊಂದು ಸಲ ಹೆಗಲು ತಟ್ಟಿದರು. ಅಷ್ಟರಲ್ಲಿ ಕಣಜದ ಹಿಂದಿನಿಂದ ಮೋಟಾರು ಗುರುಗುಟ್ಟಿತು. ಭಾಮೈದ ಕಾಳು ಮೇಲೇರಿಸುವ ಎಲಿವೇಟರನ್ನು ಎಳೆದು ತಂದು ಕಣಜಕ್ಕೆ ಒರಗಿಸಿದ್ದ. "ಇವತ್ತೇ ಯಾಕೆ? ಗಾರೆ ಬಿಗೀಲಿ, ಎರಡು ದಿನ ಬಿಟ್ಟು..." "ನಾಳೆ ಎಲಿವೇಟರ್ ಬೇರೆಯವರ ಮನೆಗೆ ಹೋಗುತ್ತೆ ಭಾವ. ಕಟ್ಟೆ ಗಾರೆ ತಾನೇ, ತಳ ಬಿಗಿದಿದೆ ಅಂತ ನೀವೇ ಅಂದ್ರಲ್ಲ." ಹೌದು, ಅವನೇ ಅಂದಿದ್ದ.

ಜೋಳ ಮೇಲೇರಿ ಕಣಜದ ನೆತ್ತಿಯಿಂದ ಒಳಗೆ ಬಿತ್ತು. ಮೊದಲು ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು, ಸ್ವಲ್ಪ ಹೊತ್ತಿಗೆ ಆ ಸದ್ದು ಮೆತ್ತಗಾಯಿತು, ಜೋಳದ ಮೇಲೆ ಜೋಳ ಬೀಳತೊಡಗಿತು. ಇಳಿಬಿಸಿಲಿಗೆ ಕಣಜದ ನೆರಳು ಹಿಂದೆ ಉದ್ದಕ್ಕೆ ಚಾಚಿತ್ತು. ಯಾರಿದ್ದಾರೆ ಎಂದುಕೊಂಡಿದ್ದ ಆ ಹಿಂಬದಿಗೇ ಈಗ ಎಲ್ಲರೂ ಬಂದಿದ್ದರು. ಭಾಮೈದ ಕಣಜದ ಬುಡಕ್ಕೆ ಅಂಟಿಕೊಂಡೇ ನಿಂತು ಸಲಿಕೆಯಿಂದ ಜೋಳವನ್ನು ಎಲಿವೇಟರಿನ ಬಾಯಿಗೆ ತಳ್ಳುತ್ತಿದ್ದ. ಮಾವ ತಮ್ಮ ಕುರ್ಚಿಯನ್ನು ತರಿಸಿ, ನೆರಳಿನಲ್ಲಿ, ಕಣಜಕ್ಕೆ ಬೆನ್ನು ಮಾಡಿ ಕೂತು ರಾಶಿ ಕರಗುವುದನ್ನು ನೋಡುತ್ತಿದ್ದರು. ಅವನು ಕಟ್ಟೆಯ ಮುಂದೆ ಮಂಡಿಯೂರಿದ. ಕೂದಲಿನಷ್ಟು ಸಣ್ಣ ಬಿರುಕು ಒಂದು ಇಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಿತ್ತು. ಬೆರಳಿನಿಂದ ಗಾರೆ ಒತ್ತಿ ಮುಚ್ಚಿದ. ಬೆರಳು ತೆಗೆದ ಕೂಡಲೇ ಮತ್ತೆ ಬಿಟ್ಟಿತು. ಹೆಂಡತಿ ಮಗುವನ್ನು ಸೊಂಟಕ್ಕೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಾಫಿಯ ತಟ್ಟೆ ಹಿಡಿದು ಬಂದು ಅವನ ಪಕ್ಕ ನಿಂತಳು. "ಇದು ನಿಲ್ಲಲ್ಲ," ಎಂದ ತಲೆ ಎತ್ತದೆ. "ಗೊತ್ತು. ಬೆಳಿಗ್ಗೆ ಕಿಟಕಿಯಿಂದ ನೋಡ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ಹೇಳಿಬಿಡ್ತೀನಿ." "ಹೇಳಿ. ಹೇಳಿ ಎಲ್ಲಿಗೆ ಹೋಗೋಣ?" ಅವನು ಬಿರುಕಿನ ಮೇಲೆ ಮತ್ತೆ ಬೆರಳಿಟ್ಟ. "ಒಂದು ಸುಗ್ಗಿ ನಿಲ್ಲಬಹುದು. ಸುಮ್ಮನಿರಿ," ಎಂದು ಅವಳು ಕಾಫಿಯನ್ನು ಅವನ ಕೈಗೆ ಕೊಟ್ಟಳು.

ಆಮೇಲೆ ಅವಳು ಮಾವನ ಹತ್ತಿರ ಹೋದದ್ದನ್ನು ಅವನು ನೋಡಿದ. "ಅಪ್ಪಾ, ಇಲ್ಲಿ ಧೂಳು. ಆ ಕಡೆ ಕೂತ್ಕೋ, ಕೆಮ್ಮು ಬರುತ್ತೆ." "ಇಲ್ಲೇ ನೆರಳಿದೆ ಬಿಡಮ್ಮ." "ಏಳಪ್ಪ ಅಂದ್ರೆ," ಎಂದು ಕುರ್ಚಿಯನ್ನು ಅವರ ಕೆಳಗಿನಿಂದ ಎಳೆಯುವಷ್ಟು ಅವಸರದಲ್ಲಿ ಎತ್ತಿ ಮನೆಯ ಕಡೆಗೆ ಇಟ್ಟು, ಅಪ್ಪನ ಹೆಗಲ ಧೂಳು ಕೊಡವಿ, ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿದಳು. ಅಲ್ಲಿಂದ ತಮ್ಮನನ್ನು ಕೂಗಿದಳು. "ಬಾರೋ, ಊಟ ಮಾಡಿ ಹೋಗು." "ಮುಗಿಸಿ ಬರ್ತೀನಕ್ಕಾ." "ಆರಿ ಹೋಗುತ್ತೆ ಕಣೋ." "ಆರಲಿ." ಅವಳು ಮತ್ತೆ ಕೂಗಿದಳು, ದನಿ ಒಡೆಯಿತು, ಮೋಟಾರಿನ ಸದ್ದಿಗೆ ತಮ್ಮನಿಗೆ ಅದು ಕೇಳಲಿಲ್ಲ. ಕಟ್ಟೆಯ ಹತ್ತಿರ ಕೂತಿದ್ದ ಅವನಿಗೆ ಆಗ ಅರ್ಥವಾಯಿತು. ಅವಳು ಒಬ್ಬೊಬ್ಬರನ್ನಾಗಿ ಅಲ್ಲಿಂದ ಎಬ್ಬಿಸುತ್ತಿದ್ದಾಳೆ. ಕಣಜ ನಿಲ್ಲುತ್ತದೆಂದು ಅವಳೂ ನಂಬಿಲ್ಲ. ನಂಬದೆಯೇ, ಬೀಳುವಾಗ ಕೆಳಗೆ ಯಾರೂ ಇರದಿದ್ದರೆ ಸಾಕು, ಅಲ್ಲಿಯವರೆಗೆ ಒಂದು ಗೋಡೆ, ಒಂದು ಹಲಗೆ, ಒಂದು ಕಿಟಕಿ ತನ್ನದಾಗಿರಲಿ ಎಂದು ಲೆಕ್ಕ ಹಾಕಿದ್ದಾಳೆ. ಇದನ್ನು ಅವಳಿಗೆ ಕಲಿಸಿದವನು ತಾನು. ಎದ್ದು ಹೋಗಿ ಭಾಮೈದನ ಕೈಯಿಂದ ಸಲಿಕೆ ಕಿತ್ತುಕೊಂಡ. "ನೀನು ಊಟ ಮಾಡಿ ಬಾ. ನಾನು ನೋಡ್ಕೋತೀನಿ." "ನಿಮಗೆ ಸುಸ್ತಾಗಿದೆ ಭಾವ." "ಹೋಗು ಅಂದ್ನಲ್ಲ." ಆ ಮನೆಯಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು. ಭಾಮೈದ ಬೆವರು ಒರೆಸಿಕೊಳ್ಳುತ್ತ ಹೋದ.

ಅವನು ಸಲಿಕೆಯನ್ನು ಕೆಳಗಿಟ್ಟ. ಎಲಿವೇಟರಿನ ಬಾಯಿಗೆ ರಾಶಿ ತಾನಾಗಿಯೇ ಜಾರುತ್ತಿತ್ತು, ಯಾರೂ ತಳ್ಳಬೇಕಾಗಿರಲಿಲ್ಲ. ಬಿರುಕು ಬಿಟ್ಟ ಕಟ್ಟೆಯ ಮೇಲೆ, ಕಣಜಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟ. ಬೆನ್ನಿಗೆ ತಗಡು ಬೆಚ್ಚಗಿತ್ತು. ಒಳಗೆ ಜೋಳ ಏರುವುದು ಬೆನ್ನುಮೂಳೆಗೆ ತಿಳಿಯುತ್ತಿತ್ತು, ಮೊದಲು ಸೊಂಟದ ಹತ್ತಿರ, ಆಮೇಲೆ ಭುಜದ ಹತ್ತಿರ. ಕಟ್ಟೆಯ ಒಳಗೆ ಎಲ್ಲೋ ಇಟ್ಟಿಗೆ ಕಟಕ್ ಎಂದಿತು. ಸಾಯಬೇಕೆಂದು ಅವನು ಕೂತಿರಲಿಲ್ಲ. ಏಳಲು ಕಾರಣ ಸಿಗಲಿಲ್ಲ, ಅಷ್ಟೇ. ಎದ್ದರೆ ಹೇಳಬೇಕು, ಹೇಳಿದರೆ ಹೊರಡಬೇಕು, ಹೊರಟರೆ ಆ ಇದ್ದಿಲಿನ ಗೆರೆ ಗೋಡೆಯ ಮೇಲೆ ಹಾಗೇ ಇರುತ್ತದೆ. ಕಣ್ಣು ಬಿಟ್ಟಾಗ ಎದುರಿಗೆ ಹೆಂಡತಿ ನಿಂತಿದ್ದಳು. "ಏಳಿ," ಅಂದಳು. ಅವನು ಏಳಲಿಲ್ಲ. "ಏಳ್ರೀ." ಅವನು ತಲೆಯಾಡಿಸಿದ. ಅವಳು ಅವನನ್ನು ನೋಡಿದಳು, ಕಟ್ಟೆಯನ್ನು ನೋಡಿದಳು, ಅರ್ಧ ಕರಗಿದ ರಾಶಿಯನ್ನು ನೋಡಿದಳು. ಆಮೇಲೆ ಸರಸರನೆ ಹೋಗಿ ಮೋಟಾರಿನ ಸ್ವಿಚ್ಚು ಆರಿಸಿದಳು.

ಎಲಿವೇಟರಿನ ಪಟ್ಟಿ ನಿಂತಿತು. ಅರ್ಧ ದಾರಿ ಏರಿದ್ದ ಜೋಳ ಹಿಂದಕ್ಕೆ ಜಾರಿ ಅವನ ಕಾಲ ಮೇಲೆ ಸುರಿಯಿತು. "ಯಾಕಕ್ಕಾ ನಿಲ್ಲಿಸ್ದೆ?" ಎಂದು ಅಡುಗೆಮನೆಯಿಂದ ಭಾಮೈದ ಕೂಗಿದ. ಅವಳು ಯಾರ ಮುಖವನ್ನೂ ನೋಡದೆ, ಅಂಗಳ ದಾಟಿ ಕೋಣೆಯೊಳಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟ್ರಂಕನ್ನು ನೆಲದ ಮೇಲೆ ಎಳೆಯುವ ಸದ್ದು ಬಂತು. ಮಾವ ಮಗುವನ್ನು ಎತ್ತಿಕೊಂಡು ಕಣಜ ಬಳಸಿ ಬಂದರು. "ಏನಾಯ್ತು ಅಳಿಯಂದಿರೇ?" "ತಳ ಚಿಕ್ಕದಾಗಿದೆ, ಮಾವ." "ಏನಂದ್ರಿ?" ಇಷ್ಟು ಹೊತ್ತಿನ ಮೋಟಾರಿನ ಸದ್ದು ಇನ್ನೂ ಅವರ ಕಿವಿಯಲ್ಲಿತ್ತು. ಅಂಗೈಯನ್ನು ಕಿವಿಯ ಹಿಂದಿಟ್ಟುಕೊಂಡು, ಸಹನೆಯಿಂದ ಬಾಗಿ, "ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ," ಅಂದರು. ಅವನು ಜೋಳ ಕೊಡವಿಕೊಂಡು ಎದ್ದು ನಿಂತ. "ತಳ ಚಿಕ್ಕದಾಗಿದೆ. ನಾನೇ ತಪ್ಪು ಅಳೆದೆ. ಈ ಕಣಜ ನಿಲ್ಲಲ್ಲ," ಎಂದು ಅಡುಗೆಮನೆಗೂ ಕೋಣೆಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದ. ಒಳಗೆ ಟ್ರಂಕಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.